ಎಲ್ಲರೂ ಕೂಡಿ ಹಾಡುವ ಪುಸ್ತಕ

ತುರೋರಿ ಇರಲಿ, ನಿಲಂಗಾ ಇರಲಿ, ಉದಗೀರ ಇರಲಿ, ಭಜನೆ ಎಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿಯುತ್ತಾರೆ. ತುಕೋಬನ ಅಭಂಗ ಮುಗಿದ ಮೇಲೆ ಅದೇ ತಾಳಕ್ಕೆ ಶರಣರ ಪದ. ಲೂಥರನ್ ಚರ್ಚಿನಲ್ಲಿಯೂ ಹೀಗೆ ಕೂಡಿ ಹಾಡುವುದೇ ಆರಾಧನೆಯ ಜೀವಾಳ.

ಮಾರ್ಟಿನ್ ಲೂಥರನಿಗಿಂತ ಮೊದಲು ಜರ್ಮನಿಯ ಚರ್ಚುಗಳಲ್ಲಿ ಆರಾಧನೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಪಾದ್ರಿಗಳು, ಗಾಯಕರು ಹಾಡುವರು. ಮಂದಿ ಹೆಚ್ಚಾಗಿ ಕೇಳುವರು. ಲೂಥರ್ ಮನೆಮಾತಿನಲ್ಲಿ ಹಾಡು ಕಟ್ಟಿದ. 1524ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಮೊದಲ ಪುಸ್ತಕದಲ್ಲಿ ಬರೀ 8 ಹಾಡು, ಅವುಗಳಲ್ಲಿ 4 ಅವನವು. ನಮ್ಮ ನೆರೆಯ ಕಲ್ಯಾಣದಲ್ಲಿ ಶರಣರು ಸಂಸ್ಕೃತ ಬಿಟ್ಟು ಕನ್ನಡದಲ್ಲಿ ನುಡಿದದ್ದು ಅದಕ್ಕೂ ಸುಮಾರು 350 ವರ್ಷ ಹಿಂದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈ ಸಂಪ್ರದಾಯವನ್ನು ಕನ್ನಡಕ್ಕೆ ತಂದವರು ಬಾಸೆಲ್ ಮಿಷನ್ನಿನವರು. ಅದು ಅಪ್ಪಟ ಲೂಥರನ್ ಸಂಸ್ಥೆಯಲ್ಲ, ರಿಫಾರ್ಮ್ಡ್ ಪಂಥದವರೂ ಅದರಲ್ಲಿ ಕೂಡಿದ್ದರು. 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. ಜರ್ಮನ್ ಹಾಡುಗಳನ್ನು ಅವೇ ಧಾಟಿಗಳಿಗೆ ಕನ್ನಡಿಸಿದರು.

ತೊಡಕು ಬಂದದ್ದು ಇಲ್ಲಿಯೇ. ಜರ್ಮನ್ ಹಾಡು ಒತ್ತಿನ ಮೇಲೆ ನಡೆಯುತ್ತದೆ, ಪ್ರಾಸ ಸಾಲಿನ ಕೊನೆಗೆ. ನಮ್ಮ ಪದ್ಯ ಮಾತ್ರೆಯ ಮೇಲೆ ನಡೆಯುತ್ತದೆ, ಪ್ರಾಸ ಎರಡನೆಯ ಅಕ್ಷರಕ್ಕೆ. ಪರದೇಶದ ಧಾಟಿಯಲ್ಲಿ ಸ್ವರ ಎಳೆದಾಗ ಹ್ರಸ್ವವೂ ದೀರ್ಘವಾಗುತ್ತದೆ. ‘ದೇವರ ಬಲ’ ಎಂದು ಹಾಡಹೋಗಿ ‘ಬಾಲ’ ಎಂದರೆ ಏನು ಗತಿ?

ಇದಕ್ಕೆ ಕಿವಿಗೊಟ್ಟ ಜರ್ಮನರೂ ಇದ್ದರು. ಹರ್ಮನ್ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನೇ ಸಂಗ್ರಹಿಸಿ ಅಚ್ಚು ಹಾಕಿಸಿದ. ಪರಮತದ ಹಾಡುಗಳಿಗೆ ಪಾದ್ರಿಯೊಬ್ಬ ಅಷ್ಟು ಶ್ರಮಪಟ್ಟದ್ದು ಸಣ್ಣ ಮಾತಲ್ಲ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದ. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ನಾಡಿನ ಛಂದಸ್ಸಿನಲ್ಲಿಯೇ ಹೇಳಿದ. 1894ರ ದೊಡ್ಡ ನಿಘಂಟು ಆಮೇಲಿನ ಕೆಲಸ. ನನಗೆ ‘ಕಥಾಮಾಲೆ’ಯ ಧೈರ್ಯವೇ ಹೆಚ್ಚಿನದೆನಿಸುತ್ತದೆ.

ಮರಾಠಿಯಲ್ಲಿ ಇದೇ ಕೆಲಸ ಮಾಡಿದವರು ರೆವರೆಂಡ್ ನಾರಾಯಣ ವಾಮನ ಟಿಳಕರು (1861–1919). ಕ್ರಿಸ್ತನ ಭಕ್ತಿಯನ್ನು ಅಭಂಗದಲ್ಲಿ ಹಾಡಿದರು. ನಮ್ಮ ಮಂದಿಗೆ ಎರಡೂ ಭಾಷೆ ಬರುವುದರಿಂದ ಎರಡನ್ನೂ ತೂಗಿ ನೋಡಬಹುದು.

ಚರ್ಚಿನಲ್ಲಿ ಹಾಡುಗಳಿಗೆ ನಂಬರು ಇರುತ್ತದೆ. ಅಂದಿನ ಹಾಡುಗಳ ನಂಬರನ್ನು ಹಲಗೆಯ ಮೇಲೆ ಹಾಕುತ್ತಾರೆ. ಲೆಡ್ಜರಿನಲ್ಲಿ ಖಾತೆ ತೆಗೆದಂತೆ ಎಲ್ಲರೂ ಅದೇ ಪುಟ ತೆಗೆಯುತ್ತಾರೆ (ಬ್ಯಾಂಕಿನ ಚಾಳಿ, ಕ್ಷಮಿಸಿ). ಪುಸ್ತಕ ಕೈಯಲ್ಲಿರುವುದರಿಂದ ಅಕ್ಷರ ಕೆಡುವುದಿಲ್ಲ.

ನಮ್ಮಲ್ಲಿ ಪದಗಳು ಬಾಯಿಂದ ಬಾಯಿಗೆ ಬಂದವು. ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ, ಕನ್ನಡದ ಪದವನ್ನು ಬಾಲಬೋಧ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಮರಾಠಿಯ ಬರಹದಲ್ಲಿ ಎ, ಏ ಎಂಬ ಭೇದವಿಲ್ಲ. ಒ, ಓ ಭೇದವೂ ಇಲ್ಲ. ಹೊಲದ ಬೆಳೆ, ಡಬ್ಬಿಯ ಬೇಳೆ ಎರಡೂ ಅಲ್ಲಿ ಒಂದೇ. ಜರ್ಮನ್ ಧಾಟಿ ಮಾಡಿದ್ದನ್ನೇ ಈ ನೋಟುಬುಕ್ಕೂ ಮಾಡುತ್ತದೆ. ಪದ ಬಲ್ಲ ಅಜ್ಜಿ ಪಕ್ಕದಲ್ಲಿ ಕೂತಿದ್ದರೆ ತಿದ್ದುತ್ತಾಳೆ.