‘ಸಿ’ ಎಂಬ ಅಕ್ಷರದ ಕಥೆ

ಮೊನ್ನೆ ಸಂಜೆ ನೆರೆಮನೆಯ ತಾಯಿಯೊಬ್ಬರು ಎರಡು ಕಾಗದಗಳನ್ನು ಹಿಡಿದು ನಮ್ಮ ಜಗಲಿಗೆ ಬಂದರು. ಅವರ ಯಜಮಾನರಿಗೆ ವಾರದಿಂದ ಜ್ವರ. ಎರಡು ಕಡೆ ರಕ್ತಪರೀಕ್ಷೆ ಮಾಡಿಸಿದ್ದರು.

“ಮೇಷ್ಟ್ರೇ, ಈ ಸಿ.ಆರ್.ಪಿ. ಅನ್ನೋದು ಮೊದಲು 6.2 ಇತ್ತು, ನಿನ್ನೆ 31 ಆಗಿದೆ. ಔಷಧ ಕೊಟ್ಟ ಮೇಲೂ ಐದರಷ್ಟು ಏರಿತಲ್ಲ! ‘ಸಿ’ ಅಂದರೆ ಕ್ಯಾನ್ಸರೇ?” ಎಂದರು. ಕಣ್ಣಲ್ಲಿ ನೀರಿತ್ತು.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಆದರೆ ಶಬ್ದಗಳ ಹುಟ್ಟನ್ನು ಕೆದಕುವುದು ಪಂಡಿತರ ಹಳೆಯ ಚಟವಷ್ಟೆ. ಈ ಅಕ್ಷರದ ಜಾತಕ ನನಗೆ ಗೊತ್ತಿತ್ತು.

ಅದು ಹುಟ್ಟಿದ್ದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ, 1930ರಲ್ಲಿ. ಪೆನಿಸಿಲಿನ್ ಇನ್ನೂ ರೋಗಿಗಳ ಕೈಗೆ ಬಾರದಿದ್ದ ಕಾಲ. ನ್ಯುಮೋನಿಯ ಎಂದರೆ ಮನೆಮಂದಿಯೆಲ್ಲ ನಡುಗುತ್ತಿದ್ದರು. ಆಸ್ವಾಲ್ಡ್ ಏವರಿ ಎಂಬ ವಿಜ್ಞಾನಿಯ ಬಳಗದವರು ಆ ರೋಗದ ನ್ಯುಮೊಕಾಕಸ್ ಜೀವಾಣುವಿನಿಂದ ಸಕ್ಕರೆಯ ಜಾತಿಯದೊಂದು ಅಂಶವನ್ನು ಬೇರ್ಪಡಿಸಿ ಅದನ್ನು ‘ಸಿ’ ಎಂದು ಕರೆದಿದ್ದರು. ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬಿಬ್ಬರು ರೋಗಿಗಳ ರಕ್ತದ ತಿಳಿಗೆ ಈ ‘ಸಿ’ಯನ್ನು ಬೆರೆಸಿ ನೋಡಿದರು. ತಿಳಿ ಕದಡಿ ಗಸಿ ಕಟ್ಟಿತು.

ಇದರಲ್ಲೇನು ವಿಶೇಷ? ರೋಗನಿರೋಧಕ ವಸ್ತುಗಳು ರೋಗ ಮಾಗುತ್ತ ಬಂದಂತೆ ರಕ್ತದಲ್ಲಿ ಬೆಳೆಯುತ್ತವೆ, ಗುಣವಾದ ಮೇಲೂ ಉಳಿಯುತ್ತವೆ. ಇಲ್ಲಿ ನಡೆದದ್ದು ತಿರುಗುಮುರುಗು. ಜ್ವರ ಉರಿಯುವಾಗ ಗಸಿ ಕಟ್ಟುತ್ತಿದ್ದ ರಕ್ತ, ರೋಗಿ ಚೇತರಿಸಿಕೊಂಡ ಮೇಲೆ ಕಟ್ಟುತ್ತಲೇ ಇರಲಿಲ್ಲ. ನ್ಯುಮೊಕಾಕಸ್ಸಿನ ಸಂಬಂಧವೇ ಇಲ್ಲದ ಬೇರೆ ರೋಗಿಗಳಲ್ಲೂ ಅದು ಕಂಡಿತು. ಅಂದರೆ ಇದು ಒಂದು ರೋಗದ ಗುರುತಲ್ಲ; ಮೈಯೊಳಗೆ ಎಲ್ಲೋ ಬೆಂಕಿ ಹತ್ತಿದೆ ಎಂಬುದರ ಹೊಗೆ. ಹೊಗೆ ಕಂಡವನಿಗೆ ಉರಿಯುತ್ತಿರುವುದು ಹುಲ್ಲಿನ ಬಣವೆಯೋ ಅಡಿಗೆಮನೆಯೋ ತಿಳಿಯದು.

1941ರಲ್ಲಿ ಏವರಿಯ ಬಳಗ ಆ ವಸ್ತು ಒಂದು ಪ್ರೋಟೀನು—ನಮ್ಮ ಹಳೆಯ ಪಠ್ಯಪುಸ್ತಕಗಳ ಸಸಾರಜನಕ—ಎಂದು ತೋರಿಸಿತು. ‘ಸಿ’ಯೊಡನೆ ವರ್ತಿಸುವ ಪ್ರೋಟೀನಾದ್ದರಿಂದ ಸಿ-ರಿಯಾಕ್ಟಿವ್ ಪ್ರೋಟೀನ್. 1947ರಲ್ಲಿ ಮ್ಯಾಕ್ಲಿನ್ ಮೆಕಾರ್ಟಿ ಅದನ್ನು ಹರಳಾಗಿಸಿದರು. (1944ರಲ್ಲಿ ವಂಶವಾಹಿಯ ವಸ್ತು ಡಿ.ಎನ್.ಎ. ಎಂದು ತೋರಿಸಿದ ಮೂವರಲ್ಲಿ ಏವರಿ, ಮೆಕಾರ್ಟಿ ಇಬ್ಬರೂ ಇದ್ದರೆಂಬುದನ್ನು ನೆನೆದರೆ ಆ ಪ್ರಯೋಗಶಾಲೆಗೆ ಕೈಮುಗಿಯಬೇಕೆನಿಸುತ್ತದೆ.)

ಆರೋಗ್ಯವಂತರ ರಕ್ತದಲ್ಲಿ ಇದು ಇರುವುದೇ ಇಲ್ಲವೆಂದು ಅಂದಿನವರು ತಿಳಿದಿದ್ದರು. ಸೂಕ್ಷ್ಮವಾಗಿ ಅಳೆಯುವ ವಿಧಾನಗಳು ಬಂದ ಮೇಲೆ ಆ ಮಾತು ಬಿದ್ದುಹೋಯಿತು. ಎಲ್ಲರಲ್ಲೂ ತುಸು ಇದೆ. ಸಾಮಾನ್ಯವಾಗಿ ಲೀಟರಿಗೆ 5 ಅಥವಾ 10 ಮಿಲಿಗ್ರಾಮಿನೊಳಗಿದ್ದರೆ ಚಿಂತೆಯಿಲ್ಲವೆನ್ನುತ್ತಾರೆ. 100 ದಾಟಿದರೆ ಬಹುಮಟ್ಟಿಗೆ ಬ್ಯಾಕ್ಟೀರಿಯದ ಸೋಂಕಿರಬಹುದೆಂಬ ಸಂಶಯ ಬರುತ್ತದೆ; ಸಂಶಯವೇ ಹೊರತು ತೀರ್ಪಲ್ಲ. ಶಸ್ತ್ರಚಿಕಿತ್ಸೆ, ಪೆಟ್ಟು, ಕೀಲೂತ ಯಾವುದಾದರೂ ಏರಿಸಬಹುದು. 2020ರ ಕೋವಿಡ್ ಕಾಲದಲ್ಲಿ ವೈರಸ್ಸೇ ಏರಿಸಿತು. ಊರೂರಿನವರ ಬಾಯಿಗೆ ಈ ಹೆಸರು ಬಿದ್ದದ್ದೂ ಆಗಲೇ. ಹೃದಯಕ್ಕೆಂದು ಮಾಡಿಸುವ ‘ಹೈ ಸೆನ್ಸಿಟಿವಿಟಿ’ ಪರೀಕ್ಷೆಯ ಲೆಕ್ಕ ಬೇರೆ: ಅಲ್ಲಿ 1ರ ಒಳಗೆ, 3ರ ಮೇಲೆ ಎಂದು ನೋಡುತ್ತಾರೆ. ಜ್ವರವಿರುವಾಗ ಅದಕ್ಕೆ ಅರ್ಥವಿಲ್ಲ.

ಇದನ್ನು ತಯಾರಿಸುವುದು ಯಕೃತ್ತು. ಬೆಂಕಿ ಹತ್ತಿದ ಕೆಲವೇ ಗಂಟೆಗಳಲ್ಲಿ ಏರತೊಡಗಿ, ಎರಡು ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಕಾರಣ ಅಡಗಿತೆಂದರೆ ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತ ಇಳಿಯುತ್ತದೆ. ಆದುದರಿಂದ ವೈದ್ಯರು ಒಂದು ಅಂಕಿಗಿಂತ ಎರಡು ಅಂಕಿಗಳ ನಡುವಣ ದಾರಿಯನ್ನು ನೋಡುತ್ತಾರೆ.

ಆ ತಾಯಿಯ ಎರಡು ಅಂಕಿಗಳನ್ನು ಕನ್ನಡಕವೇರಿಸಿ ನೋಡಿದೆ. ಮೊದಲ ಕಾಗದದಲ್ಲಿ ಅಂಕಿಯ ಪಕ್ಕ ಸಣ್ಣಕ್ಷರದಲ್ಲಿ ಡೆಸಿಲೀಟರಿಗೆ ಎಂದಿತ್ತು, ಎರಡನೆಯದರಲ್ಲಿ ಲೀಟರಿಗೆ. ಡೆಸಿಲೀಟರ್ ಎಂದರೆ ಲೀಟರಿನ ಹತ್ತನೆಯ ಒಂದು ಪಾಲು. ಒಬ್ಬ ಸೇರಿನಲ್ಲಿ ಅಳೆದು ಇನ್ನೊಬ್ಬ ಪಾವಿನಲ್ಲಿ ಅಳೆದರೆ ಅಕ್ಕಿ ಹೆಚ್ಚಿತೋ ಕಡಿಮೆಯಾಯಿತೋ ಎಂದು ಜಗಳವಾಡಿದಂತೆ! 6.2 ಅಂದರೆ ಲೀಟರಿಗೆ 62. ಈಗ 31. ಏರಿಲ್ಲ, ಸರಿಯಾಗಿ ಅರ್ಧಕ್ಕೆ ಇಳಿದಿದೆ.

“ಹಾಗಾದರೆ ಅನ್ನ ಬಿಟ್ಟು ಗಂಜಿಯನ್ನೇ ಕೊಡಬೇಕೆ ಇನ್ನೂ?” ಎಂದು ಕೇಳಿದರು ಆಕೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ಅದನ್ನು, ಈ ಎರಡೂ ಕಾಗದಗಳನ್ನು ಒಟ್ಟಿಗೆ ತೋರಿಸಿ, ಡಾಕ್ಟರನ್ನೇ ಕೇಳಿ ತಾಯಿ ಎಂದೆ.