ಒರಟು ದನಿಗೆ ಎರಡು ದಾರಿ: ಪೆಡಲ್, ಆಂಪ್ ಮತ್ತು ಸದ್ದಿನ ಲೆಕ್ಕಾಚಾರ

ಎಲೆಕ್ಟ್ರಿಕ್ ಗಿಟಾರ್ ಕಲಿಯುವವರು ರಾಕ್ ಕಡೆಗೆ ಹೊರಳಿದ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ. ಗರಗರ ಎನ್ನುವ ಆ ಒರಟು ದನಿ, ಅಂದರೆ ಡಿಸ್ಟಾರ್ಷನ್, ಕಾಲ ಬಳಿಯ ಪೆಡಲ್‌ನಿಂದ ಬರಬೇಕೋ, ಬೆನ್ನ ಹಿಂದಿನ ಆಂಪ್ಲಿಫೈಯರ್‌ನಿಂದಲೋ? ವಾದ ಸಾಮಾನ್ಯವಾಗಿ ರುಚಿಯ ಸುತ್ತ ನಡೆಯುತ್ತದೆ. ಆಂಪ್‌ನದು ಸಹಜ, ಪೆಡಲ್‌ನದು ಕೃತಕ ಎನ್ನುವವರು ಒಂದು ಕಡೆ. ಕೇಳುವವರಿಗೆ ವ್ಯತ್ಯಾಸವೇ ತಿಳಿಯದು ಎನ್ನುವವರು ಇನ್ನೊಂದು ಕಡೆ. ಆದರೆ ಈ ಕ್ಷೇತ್ರ ಬೆಳೆದ ಬಗೆಯನ್ನು ಹಿಂಬಾಲಿಸಿದರೆ ರುಚಿಗಿಂತ ಮೊದಲು ಎದುರಾಗುವುದು ಸದ್ದಿನ ಪ್ರಮಾಣ. ಹಳೆಯ ಆಂಪ್ ಒರಟಾಗಬೇಕಾದರೆ ಕಿವಿಗಡಚಿಕ್ಕುವಷ್ಟು ಜೋರಾಗಲೇಬೇಕಿತ್ತು. ಆ ಒರಟು ಬೇಕು, ಆ ಜೋರು ಬೇಡ ಎನ್ನುವ ಕಡೆಯಿಂದಲೇ ಒಂದೊಂದು ಹೊಸ ಉಪಕರಣ ಹುಟ್ಟುತ್ತ ಬಂದಿದೆ.

ಕೆಟ್ಟ ಸ್ಪೀಕರ್‌ಗಳ ಕಾಲ

ಆರಂಭದಲ್ಲಿ ಇದು ಯಾರೂ ಬಯಸದ ದೋಷ. 1951ರಲ್ಲಿ ಐಕ್ ಟರ್ನರ್ ತಂಡ ಮೆಂಫಿಸ್‌ಗೆ ಧ್ವನಿಮುದ್ರಣಕ್ಕೆ ಹೊರಟಾಗ ದಾರಿಯಲ್ಲಿ ಗಿಟಾರಿಗ ವಿಲ್ಲಿ ಕಿಜಾರ್ಟ್‌ನ ಆಂಪ್ ಪೆಟ್ಟು ತಿಂದಿತು. ಸ್ಟುಡಿಯೋ ನಡೆಸುತ್ತಿದ್ದ ಸ್ಯಾಮ್ ಫಿಲಿಪ್ಸ್ ಅದರ ಸ್ಪೀಕರ್‌ಗೆ ಕಾಗದ ತುರುಕಿ ಮುದ್ರಣ ಮುಂದುವರಿಸಿದರು. ‘ರಾಕೆಟ್ 88’ ಹಾಡಿನ ಗಿಟಾರ್ ಗೊರಗೊರ ಎನ್ನುವುದು ಹಾಗೆ. ಅಲ್ಲಿ ಆಕಸ್ಮಿಕವಾಗಿದ್ದುದು ಬೇಗನೆ ಉದ್ದೇಶವಾಯಿತು. 1958ರ ‘ರಂಬಲ್’ ವಾದ್ಯಸಂಗೀತಕ್ಕಾಗಿ ಲಿಂಕ್ ರೇ ಸ್ಪೀಕರ್‌ಗೆ ಪೆನ್ಸಿಲ್‌ನಿಂದ ತೂತು ಹೊಡೆದರು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಲ್ಪಿಕೊ ಎಂಬ ಪುಟ್ಟ ಆಂಪ್‌ನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ, ಅದರ ದನಿಯನ್ನು ವಾಕ್ಸ್ ಎಸಿ30 ಎಂಬ ದೊಡ್ಡ ಆಂಪ್‌ಗೆ ಹಾಯಿಸಿದರು. ಸಣ್ಣದು ಕೆಡಿಸುವುದಕ್ಕೆ, ದೊಡ್ಡದು ಎತ್ತಿ ಕೇಳಿಸುವುದಕ್ಕೆ. ಪೆಡಲ್ ಮಾಡುವ ಕೆಲಸವೂ ಇದೇ. ಎಲ್ಪಿಕೊ ಕಾಲಿನ ಬಳಿ ಇರಲಿಲ್ಲ, ಅಷ್ಟೇ.

ಅಲೆಯ ನೆತ್ತಿ ಸವರಿದಾಗ

ಯಾವ ಆಂಪ್‌ಗೂ ತಾನು ಕೊಡಬಲ್ಲ ವೋಲ್ಟೇಜ್‌ಗೆ ಒಂದು ಮಿತಿ ಇದೆ. ಒಳಬಂದ ಸ್ವರದ ಅಲೆ ಅದನ್ನು ಮೀರಿದರೆ ನೆತ್ತಿ ಸವರಿಹೋಗಿ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿಲ್ಲದ ಅನುಸ್ವರಗಳು ಸೇರುತ್ತವೆ. ಮೇಲಿನ ನೆತ್ತಿಯೂ ಕೆಳಗಿನ ತಗ್ಗೂ ಒಂದೇ ಸಮನೆ ಸವರಿದರೆ ಮೂರನೆಯದು, ಐದನೆಯದು ಹೀಗೆ ಬೆಸಸಂಖ್ಯೆಯ ಅನುಸ್ವರಗಳು ಹುಟ್ಟುತ್ತವೆ. ಹೆಚ್ಚುಕಡಿಮೆ ಸವರಿದರೆ ಎರಡನೆಯದು, ನಾಲ್ಕನೆಯದೂ ಜೊತೆಗೂಡುತ್ತವೆ. ಎರಡನೆಯ ಅನುಸ್ವರವೆಂದರೆ ಮೇಲಿನ ಷಡ್ಜ. ಕಿವಿಗೆ ಅದು ಹೊರಗಿನದೆನಿಸುವುದಿಲ್ಲ. ತಂಬೂರಿಯ ಕುದುರೆಯ ಮೇಲೆ ನೂಲೆಳೆ ಸರಿಸಿ ಜೀವಾಳಿ ಹೊಂದಿಸುವವರಿಗೆ ಇದು ಪರಿಚಿತ ಅನುಭವ: ತಂತಿಯ ಸರಳ ದನಿಗೆ ಬೇಕೆಂದೇ ಝೇಂಕಾರ ಕೂಡಿಸಿ ನಾದ ತುಂಬುವುದು.

ವಾಲ್ವ್ (ನಿರ್ವಾತ ನಳಿಕೆ) ಎಂದರೆ ಸಮಸಂಖ್ಯೆಯ ಸಿಹಿ ಅನುಸ್ವರ, ಟ್ರಾನ್ಸಿಸ್ಟರ್ ಎಂದರೆ ಬೆಸಸಂಖ್ಯೆಯ ಕರ್ಕಶ ಎಂಬ ಸರಳ ಮಾತು ಎಲ್ಲೆಡೆ ಓಡಾಡುತ್ತದೆ. ಅದು ಅರ್ಧ ಸತ್ಯ. ಆಂಪ್‌ನ ಮೊದಲ ಹಂತದಲ್ಲಿರುವ ಇಸಿಸಿ83 ಮಾದರಿಯ ಪುಟ್ಟ ವಾಲ್ವ್ ಏರುಪೇರಾಗಿ ಸವರುತ್ತದೆ, ನಿಜ. ಕೊನೆಯ ಹಂತದಲ್ಲಿ ಎರಡು ಅಥವಾ ನಾಲ್ಕು ದೊಡ್ಡ ವಾಲ್ವ್‌ಗಳು ಎದುರುಬದುರಾಗಿ ದುಡಿಯುವಾಗ ಅಲ್ಲಿ ಹುಟ್ಟುವ ಸಮಸಂಖ್ಯೆಯ ಅನುಸ್ವರಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ದೊಡ್ಡ ಆಂಪ್‌ನ ಹೆಗ್ಗಳಿಕೆ ಬೇರೆಡೆ ಇದೆ. ಗಟ್ಟಿಯಾಗಿ ಮೀಟಿದಾಗ ವಿದ್ಯುತ್ ಪೂರೈಕೆ ಕ್ಷಣಕಾಲ ಕುಸಿದು ಮತ್ತೆ ಏರುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತುಂಬಿಬರುತ್ತದೆ, ಸ್ಪೀಕರ್‌ನ ಕಾಗದದ ಶಂಕು ತನ್ನ ಮಿತಿಗೆ ತಾಗುತ್ತದೆ. ಇವೆಲ್ಲ ಸೇರಿ ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ಹಿಗ್ಗಿ ಕುಗ್ಗುತ್ತದೆ.

ಒರಟು ದನಿ ಸಂಗೀತವನ್ನೇ ತಿದ್ದಿದ ಇನ್ನೊಂದು ಬಗೆಯೂ ಇದೆ. ಎರಡು ಸ್ವರಗಳನ್ನು ಒಟ್ಟಿಗೆ ಕೆಡಿಸಿದರೆ ಅವುಗಳ ಕಂಪನಾಂಕದ ವ್ಯತ್ಯಾಸವೂ ಮೂರನೆಯ ಸ್ವರವಾಗಿ ಕೇಳುತ್ತದೆ. ಗಿಟಾರಿನ ಅತಿ ಮಂದ್ರ ತಂತಿಯದು ಸುಮಾರು 82 ಹರ್ಟ್ಸ್, ಅದರ ಪಂಚಮ ಸುಮಾರು 123. ವ್ಯತ್ಯಾಸ 41, ಅಂದರೆ ಮೂಲ ಸ್ವರದ ಕೆಳಗಿನ ಷಡ್ಜ. ಎರಡೇ ಸ್ವರ ನುಡಿಸಿದರೂ ನೆಲ ನಡುಗಿದಂತಾಗುವುದಕ್ಕೆ ಇದೂ ಒಂದು ಕಾರಣ. ಇವುಗಳ ಜೊತೆ ಅಂತರ ಗಾಂಧಾರ ಸೇರಿಸಿದರೆ ತೊಡಕು: ಮೆಟ್ಟಿಲು ಕಟ್ಟಿದ ಗಿಟಾರಿನಲ್ಲಿ ಅದು ಶುದ್ಧ ಸ್ಥಾನಕ್ಕಿಂತ ಸೆಂಟ್ ಎಂಬ ಸೂಕ್ಷ್ಮ ಅಳತೆಯಲ್ಲಿ ಸುಮಾರು 14ರಷ್ಟು ಏರಿರುವುದರಿಂದ ವ್ಯತ್ಯಾಸದ ಸ್ವರಗಳು ಪರಸ್ಪರ ಘರ್ಷಿಸಿ ರಾಡಿಯಾಗುತ್ತವೆ. ಪಂಚಮದ ದೋಷ ಬರೀ ಎರಡು ಸೆಂಟ್. ಪವರ್ ಕಾರ್ಡ್ ಗಾಂಧಾರವನ್ನು ಕೈಬಿಟ್ಟು ಷಡ್ಜ-ಪಂಚಮಕ್ಕೆ ನಿಂತದ್ದರ ಹಿಂದೆ ಈ ಲೆಕ್ಕ ಇದೆ.

ಮೂರು ಟ್ರಾನ್ಸಿಸ್ಟರಿನ ಪೆಟ್ಟಿಗೆ

ಪೆಡಲ್‌ನ ಹುಟ್ಟೂ ಒಂದು ಕೆಟ್ಟ ಯಂತ್ರದಿಂದಲೇ. ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಮುದ್ರಣದಲ್ಲಿ ಗ್ರೇಡಿ ಮಾರ್ಟಿನ್ ಅವರ ಬೇಸ್ ಗಿಟಾರ್ ಮಿಕ್ಸರಿನ ಕೆಟ್ಟುಹೋಗಿದ್ದ ಚಾನೆಲ್ ಮೂಲಕ ಹಾದುಬಂತು. 1961ರಲ್ಲಿ ಹಾಡು ಗೆದ್ದಿತು. ಉಳಿದವರೂ ಆ ದನಿ ಕೇಳಿಕೊಂಡು ಬಂದರು. ಆ ಚಾನೆಲ್ ಪೂರ್ತಿ ಸತ್ತಿದ್ದರಿಂದ ಎಂಜಿನಿಯರ್ ಗ್ಲೆನ್ ಸ್ನಾಡಿ ಅದರ ದನಿಯನ್ನು ಟ್ರಾನ್ಸಿಸ್ಟರ್‌ಗಳಲ್ಲಿ ಅನುಕರಿಸಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮೇಸ್ಟ್ರೊ ಫಜ್‌-ಟೋನ್ ಎಂಬ ಹೆಸರಿನಲ್ಲಿ ಮಾರಿತು: ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್, 1.5 ವೋಲ್ಟ್‌ನ ಎರಡು ಸೆಲ್. ಟ್ರಂಪೆಟ್, ಟ್ರಾಂಬೋನ್‌ಗಳನ್ನು ಗಿಟಾರಿನಲ್ಲೇ ನುಡಿಸಬಹುದು ಎಂಬುದು ಅದರ ಜಾಹೀರಾತು. ಅಂಗಡಿಗಳಲ್ಲಿ ಅದು ಕುಳಿತೇ ಇತ್ತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ, ಮುಂದೆ ಕಹಳೆಗಳು ನುಡಿಸಬೇಕಾದ ಸಾಲನ್ನು ತಾತ್ಕಾಲಿಕವಾಗಿ ಇದರಲ್ಲಿ ನುಡಿಸಿಟ್ಟರು. ಹಾಡು ಹಾಗೆಯೇ ಹೊರಬಂತು, ದಾಸ್ತಾನು ಖಾಲಿಯಾಯಿತು.

ವಾಲ್ವ್ ಮತ್ತು ಜರ್ಮೇನಿಯಂ ಎಂಬ ಈ ಎರಡು ದಾರಿಗಳ ಸಾಮಗ್ರಿ ಅದೇ ಹೊತ್ತಿಗೆ ಬೆಂಗಳೂರಿನಲ್ಲೂ ತಯಾರಾಗುತ್ತಿತ್ತು. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರಿಸೀವಿಂಗ್ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್‌ಗಳನ್ನೂ ಮಾಡಲು ತೊಡಗಿತು. ಅಲ್ಲಿ ಅವುಗಳ ಗುರಿ ರೇಡಿಯೋ, ಸಂಪರ್ಕ ಸಾಧನಗಳು. ಸ್ವರ ಕೆಡದಂತೆ ಕಾಯುವುದೇ ಕಸುಬು. ಗಿಟಾರಿಗರು ಅಂಥದೇ ಬಿಡಿಭಾಗಗಳನ್ನು ಕೆಡಿಸುವುದಕ್ಕಾಗಿ ಹುಡುಕಿದರು.

ಜೋರಿನ ಮಜಲು

1960ರ ದಶಕದ ಬ್ರಿಟನ್ ಆಂಪ್‌ನ ದಾರಿ ಹಿಡಿಯಿತು. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಸಂಗೀತದ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಜೊತೆಗೂಡಿ 1962ರಲ್ಲಿ ಜೆಟಿಎಂ45 ಕಟ್ಟಿದರು. ಸರ್ಕ್ಯೂಟ್ ಅಮೆರಿಕದ ಫೆಂಡರ್ ಬೇಸ್‌ಮನ್‌ನದೇ. ಆದರೆ ಮೊದಲ ವಾಲ್ವ್ ಹೆಚ್ಚು ಗೇನ್ (ವರ್ಧನೆ) ಉಳ್ಳದ್ದು, ಸ್ಪೀಕರ್ ಪೆಟ್ಟಿಗೆ ಹಿಂಬದಿ ಮುಚ್ಚಿದ್ದು. ದನಿ ಬೇಗ ಒರಟಾಯಿತು. 1966ರಲ್ಲಿ ಜಾನ್ ಮೇಯಲ್ ತಂಡದ ಆಲ್ಬಂಗಾಗಿ ಎರಿಕ್ ಕ್ಲ್ಯಾಪ್ಟನ್ ಸ್ಟುಡಿಯೋದೊಳಗೂ ವೇದಿಕೆಯಷ್ಟೇ ಜೋರಾಗಿ ನುಡಿಸುತ್ತೇನೆಂದು ಹಟ ಹಿಡಿದರು. ವಾಲ್ಯೂಮ್ ಇಳಿಸಿದರೆ ಆ ದನಿಯೇ ಇಲ್ಲವಾಗುತ್ತಿತ್ತು.

ವಾಟ್‌ಗಳ ಲೆಕ್ಕ ಇಲ್ಲಿ ಹಲವರನ್ನು ಮೋಸಗೊಳಿಸುತ್ತದೆ. 50 ವಾಟ್‌ನಿಂದ 100ಕ್ಕೆ ಏರಿದರೆ ಹೆಚ್ಚುವುದು ಮೂರು ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಹಾಗಾಗಿ 100 ವಾಟ್‌ನ ಆಂಪ್ ಒಯ್ದವರಿಗೆ ಸಿಕ್ಕಿದ್ದು ಇಮ್ಮಡಿ ಸದ್ದಲ್ಲ, ಒರಟಾಗುವ ಮುನ್ನ ತುಸು ಹೆಚ್ಚು ಅವಕಾಶ. ಐದು ವಾಟ್‌ನ ಪುಟ್ಟ ಆಂಪ್ ತುಂಬ ಬೇಗ ಒರಟಾಗುತ್ತದೆ. ಹಾಗೆಂದು ಮನೆಯೊಳಗೆ ಅದು ಮೆಲುದನಿಯೂ ಅಲ್ಲ.

ಒಂದರ ಹೆಗಲ ಮೇಲೆ ಇನ್ನೊಂದು

ಪೆಡಲೋ ಆಂಪೋ ಎಂದು ನಾವು ಜಗ್ಗಾಡುವ ಹೊತ್ತಿಗೆ ದೊಡ್ಡ ವಾದಕರು ಎರಡನ್ನೂ ಹೊಂದಿಸಿಕೊಂಡಿದ್ದರು. ಜಿಮಿ ಹೆಂಡ್ರಿಕ್ಸ್ 1966ರಲ್ಲಿ ಬಂದ ಫಜ್ ಫೇಸ್ ಎಂಬ ದುಂಡನೆಯ ಪೆಡಲನ್ನು ಆಗಲೇ ಕುದಿಯುತ್ತಿದ್ದ ಮಾರ್ಷಲ್‌ಗೆ ಜೋಡಿಸಿದರು. ಗಿಟಾರಿನ ವಾಲ್ಯೂಮ್ ನಾಬ್ ತುಸು ಇಳಿಸಿದರೆ ಆ ಪೆಡಲ್ ಹೆಚ್ಚುಕಡಿಮೆ ತಿಳಿಯಾಗುತ್ತದೆ. ಹಾಗಾಗಿ ಪೆಡಲ್‌ಗಳು ಬೆರಳಿನ ಮಾತು ಕೇಳುವುದಿಲ್ಲ ಎಂಬ ಆರೋಪ ಮೊದಲ ತಲೆಮಾರಿನಲ್ಲೇ ಸುಳ್ಳಾಗಿತ್ತು. ಬ್ಲ್ಯಾಕ್ ಸಬ್ಬತ್‌ನ ಟೋನಿ ಐಯೊಮಿ ರೇಂಜ್‌ಮಾಸ್ಟರ್ ಎಂಬ ಟ್ರೆಬಲ್ ಬೂಸ್ಟರನ್ನು ಲೇನಿ ಆಂಪ್‌ಗೆ, ಕ್ವೀನ್‌ನ ಬ್ರಯಾನ್ ಮೇ ಅಂಥದೇ ಬೂಸ್ಟರನ್ನು ವಾಕ್ಸ್ ಎಸಿ30ಕ್ಕೆ ಹಾಯಿಸಿದರು. ಬೂಸ್ಟರ್ ತಾರಭಾಗವನ್ನು ಮಾತ್ರ ಎತ್ತುತ್ತದೆ, ಮಂದ್ರ ಹಿಂದುಳಿಯುತ್ತದೆ. ಮಂದ್ರ ಹೆಚ್ಚಾಗಿ ಒಳಹೊಕ್ಕರೆ ಆಂಪ್ ಕೆಸರಾಗುತ್ತದೆ, ಕಡಿಮೆ ಹೊಕ್ಕರೆ ಮೊನಚಾಗುತ್ತದೆ. ದನಿ ಕೆಡುವ ಮುನ್ನ ಏನನ್ನು ಸೋಸಬೇಕು, ಕೆಟ್ಟ ಮೇಲೆ ಏನನ್ನು ಸೋಸಬೇಕು ಎಂಬುದೇ ಈ ಕಸುಬಿನ ತಿರುಳು.

ಜೋರು ಇಳಿಸುವ ಉಪಾಯಗಳು

1970ರ ದಶಕದ ಎಂಜಿನಿಯರ್‌ಗಳು ಜೋರನ್ನು ಬಿಟ್ಟು ಒರಟನ್ನು ಮಾತ್ರ ಉಳಿಸಿಕೊಳ್ಳುವ ದಾರಿಗಳನ್ನು ಆಂಪ್‌ನೊಳಗೇ ಹುಡುಕಿದರು. ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ ತಮ್ಮ ಮೆಸಾ ಬೂಗಿ ಆಂಪ್‌ಗಳಲ್ಲಿ ಪುಟ್ಟ ವಾಲ್ವ್‌ಗಳ ಹಂತಗಳನ್ನು ಒಂದರ ಹಿಂದೊಂದು ಪೇರಿಸಿದರು. ದನಿ ಅಲ್ಲೇ ಒರಟಾಗುತ್ತದೆ. ಕೊನೆಯ ಮಾಸ್ಟರ್ ವಾಲ್ಯೂಮ್ ಎಷ್ಟು ಜೋರೆಂಬುದನ್ನು ಬೇರೆಯಾಗಿ ತೀರ್ಮಾನಿಸುತ್ತದೆ. ಕಾರ್ಲೋಸ್ ಸಂತಾನಾ ಅವರ ಕೊನೆಯಿಲ್ಲದೆ ಎಳೆಯುವ ಸ್ವರಗಳಿಗೆ ಈ ಆಂಪ್ ಆಸರೆಯಾಯಿತು. ಮಾರ್ಷಲ್ 1975ರಲ್ಲಿ ಮಾಸ್ಟರ್ ವಾಲ್ಯೂಮ್ ಅಳವಡಿಸಿತು. ಎಡ್ಡಿ ವ್ಯಾನ್ ಹೇಲನ್ ವೇರಿಯಾಕ್ ಎಂಬ ವೋಲ್ಟೇಜ್ ನಿಯಂತ್ರಕ ಬಳಸಿ ಮಾರ್ಷಲ್‌ಗೆ ಹರಿಯುವ ವೋಲ್ಟೇಜನ್ನೇ ಇಳಿಸಿದರು. ಬಾಸ್ಟನ್ ತಂಡದ ಟಾಮ್ ಶೋಲ್ಜ್ ಆಂಪ್ ಮತ್ತು ಸ್ಪೀಕರ್ ನಡುವೆ ಶಕ್ತಿಯನ್ನು ಶಾಖವಾಗಿ ಕರಗಿಸುವ ಪವರ್ ಸೋಕ್ ಮಾರಿದರು. 1982ರಲ್ಲಿ ಹೆಡ್‌ಫೋನಿಗಾಗಿಯೇ ರಾಕ್‌ಮನ್ ತಂದರು.

ಇಲ್ಲೊಂದು ವಿಚಿತ್ರವಿದೆ. ಮಾಸ್ಟರ್ ವಾಲ್ಯೂಮ್ ಬಂದ ಮೇಲೆ ಆಂಪ್‌ನ ಒರಟು ದನಿ ಎಂದರೆ ಮೊದಲ ಹಂತದ ದನಿ. ಪೆಡಲ್ ಮಾಡುವ ಕೆಲಸ ಪೆಟ್ಟಿಗೆಯೊಳಗೇ ಸೇರಿಕೊಂಡಿತ್ತು. ದೊಡ್ಡ ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್‌ಗಳ ಪಾಲು ಅಷ್ಟರ ಮಟ್ಟಿಗೆ ಕುಗ್ಗಿತು. ಇಂದು ಆಂಪ್‌ನ ಸಹಜ ದನಿ ಎಂದು ಹೊಗಳುವವರು ಬಹಳ ಸಲ ಕೇಳುತ್ತಿರುವುದು ಇದನ್ನೇ.

ಒಂಬತ್ತು ವೋಲ್ಟ್‌ನ ಶಿಸ್ತು

ಇದೇ ವೇಳೆಗೆ ಪೆಡಲ್‌ಗಳೂ ಮಾಗಿದವು. ಜಪಾನಿನ ಬಾಸ್ 1977ರಲ್ಲಿ ಓಡಿ-1, ಮರುವರ್ಷ ಕಿತ್ತಳೆ ಬಣ್ಣದ ಡಿಎಸ್-1 ತಂದಿತು. 1979ರ ಹೊತ್ತಿಗೆ ಐಬನೆಜ್‌ನ ಹಸಿರು ಟ್ಯೂಬ್ ಸ್ಕ್ರೀಮರ್ ಬಂತು. ಅದನ್ನು ರೂಪಿಸಿದವರು ಸುಸುಮು ತಮುರಾ. ಇವುಗಳಲ್ಲಿ ಅಲೆಯನ್ನು ಸವರುವುದು ಡಯೋಡ್. ಸಿಲಿಕಾನ್ ಆದರೆ ಸುಮಾರು 0.6 ವೋಲ್ಟ್‌ಗೆ, ಜರ್ಮೇನಿಯಂ ಆದರೆ ಸುಮಾರು 0.3ಕ್ಕೆ ಅದು ತೆರೆದುಕೊಳ್ಳುತ್ತದೆ. ಡಿಎಸ್-1ರಂತೆ ಡಯೋಡ್‌ಗಳು ನೇರ ಗ್ರೌಂಡ್‌ಗೆ ಇಳಿದರೆ ಕಟುವಾದ ದನಿ. ಟ್ಯೂಬ್ ಸ್ಕ್ರೀಮರ್‌ನಲ್ಲಿ ಅವು ಆಪ್‌ಆಂಪ್ ಎಂಬ ವರ್ಧಕ ಚಿಪ್‌ನ ಫೀಡ್‌ಬ್ಯಾಕ್ ಕೊಂಡಿಯಲ್ಲಿರುವುದರಿಂದ ಸವರುವಿಕೆ ಮೃದು. ಮೂಲ ಸ್ವರವೂ ಜೊತೆಗೇ ಹರಿಯುತ್ತದೆ. ಮಂದ್ರವನ್ನು ಅದು ಮೊದಲೇ ಸೋಸುವುದರಿಂದ ಮಧ್ಯ ಉಬ್ಬುತ್ತದೆ. ಸ್ಟೀವಿ ರೇ ವಾನ್ ಅದನ್ನು ಫೆಂಡರ್ ಆಂಪ್‌ಗಳ ಮುಂದಿಟ್ಟರು. ಮುಂದೆ ಮೆಟಲ್ ವಾದಕರು ಪೀವಿ 5150, ಮೆಸಾ ರೆಕ್ಟಿಫೈಯರ್‌ಗಳಂಥ ಅತಿ ಗೇನ್‌ನ ಆಂಪ್‌ಗಳ ಮುಂದೆ ಇದನ್ನೇ ಗೇನ್ ಸೊನ್ನೆಗಿಳಿಸಿ, ಲೆವೆಲ್ ಏರಿಸಿ ಬಳಸಿದರು. ಐಯೊಮಿಯ ಬೂಸ್ಟರ್ ಮಾಡಿದ್ದ ಮಂದ್ರ ಸೋಸುವ ಕೆಲಸವೇ ಮತ್ತೆ ಬಂತು, ಬೇರೆ ಪೆಟ್ಟಿಗೆಯಲ್ಲಿ.

ಪೆಡಲ್‌ನ ಕೃತಕತೆಯೇ ಬೇಕೆಂದವರೂ ಇದ್ದಾರೆ. ಸ್ವೀಡನ್ನಿನ ಎಂಟೂಮ್ಡ್ ತಂಡದ 1990ರ ಮೊದಲ ಆಲ್ಬಂನಲ್ಲಿ ಬಾಸ್ ಎಚ್‌ಎಂ-2ರ ನಾಬ್‌ಗಳೆಲ್ಲ ಪೂರ್ತಿ ತಿರುಗಿದವು. ಗರಗಸದಂಥ ಆ ದನಿ ಸ್ಟಾಕ್‌ಹೋಮ್‌ನ ಡೆತ್ ಮೆಟಲ್‌ನ ಗುರುತಾಯಿತು. ಯಾವ ಆಂಪೂ ತಾನಾಗಿ ಅದನ್ನು ಕೊಡದು.

ಅಂಕಿಗಳಿಗಿಳಿದ ಆಂಪ್

1998ರ ಲೈನ್ 6 ಪಾಡ್ ಹಲವು ಆಂಪ್‌ಗಳ ಲೆಕ್ಕವನ್ನು ಒಂದು ಕೆಂಪು ಡಬ್ಬಿಗೆ ತುಂಬಿತು. ಆಮೇಲೆ ಫ್ರ್ಯಾಕ್ಟಲ್‌ನ ಆಕ್ಸ್-ಎಫ್‌ಎಕ್ಸ್ ಸರ್ಕ್ಯೂಟಿನ ಪ್ರತಿ ಹಂತವನ್ನೂ ಲೆಕ್ಕ ಹಾಕಿತು. ಕೆಂಪರ್ ಇರುವ ಆಂಪ್‌ಗೇ ಸಂಕೇತ ಕಳಿಸಿ ಅದರ ಪ್ರತಿಕ್ರಿಯೆಯನ್ನು ಸೆರೆಹಿಡಿಯಿತು. ಈಗ ನ್ಯೂರಲ್ ಆಂಪ್ ಮಾಡೆಲರ್‌ನಂಥ ಮುಕ್ತ ತಂತ್ರಾಂಶ ಆಂಪ್‌ಗೆ ಹೋದ ಸಂಕೇತವನ್ನೂ ಹೊರಬಂದದ್ದನ್ನೂ ಹೋಲಿಸಿ ಕಲಿಯುತ್ತದೆ. ಅದಕ್ಕೆ ಪೆಡಲ್, ಆಂಪ್ ಎಂಬ ಭೇದವಿಲ್ಲ. ಎರಡೂ ಒಳಗೊಂದು ಅಲೆ, ಹೊರಗೊಂದು ಅಲೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹತ್ತರ ಮೇಲೆ ಅಭ್ಯಾಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ಅಮೆರಿಕದ 120 ವೋಲ್ಟ್‌ಗೆ ಮಾಡಿದ ವಾಲ್ವ್ ಆಂಪ್ ತರಿಸಿ, ನಮ್ಮ 230 ವೋಲ್ಟ್‌ಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹುಡುಕುವ ಪಾಡೂ ತಪ್ಪುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಮೊದಲು ನುಡಿಸುವ ಜಾಗ ಯಾವುದೆಂದು ಕೇಳಿಕೊಳ್ಳುವುದು ವಾಸಿ. ಒರಟು ದನಿ ನಮಗೆ ಕೊಡುವುದು ಮೂರು: ಅನುಸ್ವರಗಳು, ಬೆರಳಿಗೆ ಸಿಗುವ ಪ್ರತಿಕ್ರಿಯೆ, ಗಾಳಿಯ ಒತ್ತಡ. ಬೇಕಾದದ್ದು ಅನುಸ್ವರ ಮಾತ್ರವಾದರೆ ಒಂದು ತಿಳಿ ಆಂಪ್ ಮತ್ತು ಎರಡು ಬಗೆಯ ಪೆಡಲ್ ಸಾಕು. ಊರೂರಿಗೆ ಹೋಗಿ, ಅಲ್ಲಿ ಸಿಗುವ ಯಾವುದೋ ಆಂಪ್‌ನಲ್ಲಿ ನುಡಿಸುವವರಿಗೆ ಇದೇ ಸರಿ. ಬೆರಳಿನ ಏರಿಳಿತ ಕೇಳಬೇಕೆಂದರೆ ಕಡಿಮೆ ವಾಟ್‌ನ ವಾಲ್ವ್ ಆಂಪನ್ನು ಒರಟಿನ ಅಂಚಿನಲ್ಲಿಟ್ಟು, ಮುಂದೆ ಒಂದು ಬೂಸ್ಟರ್ ಇಡುವುದು ಹಳೆಯ, ಇನ್ನೂ ಸೋಲದ ಉಪಾಯ. ಪೆಡಲನ್ನು ಅಂಗಡಿಯ ಆಂಪ್‌ನಲ್ಲಿ ಕೇಳಿ ಕೊಳ್ಳುವುದಕ್ಕಿಂತ ನಮ್ಮದೇ ಆಂಪ್ ಒಯ್ದು ಪರೀಕ್ಷಿಸಬೇಕು, ಯಾಕೆಂದರೆ ಅದರ ಅರ್ಧ ದನಿ ಮುಂದಿನ ಪೆಟ್ಟಿಗೆಯದು.

ಮೂರನೆಯದಾದ ಗಾಳಿಯ ಒತ್ತಡಕ್ಕೆ ಮಾತ್ರ ಅಗ್ಗದ ದಾರಿ ಇನ್ನೂ ಸಿಕ್ಕಿಲ್ಲ. ಜೋರಾದ ಸ್ಪೀಕರ್ ತಂತಿಯನ್ನೇ ಅಲುಗಿಸುತ್ತದೆ, ಅಲುಗಿದ ತಂತಿ ಮತ್ತೆ ಸ್ಪೀಕರ್‌ಗೆ ಉಣಿಸುತ್ತದೆ; ಸ್ವರ ಸಾಯದೆ ನಿಲ್ಲುವುದು ಈ ಸುತ್ತಿನಿಂದ. ಹೆಡ್‌ಫೋನಿನಲ್ಲಿ ಆ ಸುತ್ತು ಕೂಡಿಕೊಳ್ಳುವುದಿಲ್ಲ. ಏಳು ದಶಕಗಳಲ್ಲಿ ಎಂಜಿನಿಯರ್‌ಗಳು ಜೋರಿನಿಂದ ಬಿಡಿಸಲಾಗದೆ ಉಳಿಸಿದ್ದು ಇದೊಂದನ್ನೇ. ಅದು ಬೇಕೆನಿಸುವವರು ಪೆಡಲ್‌ಗೂ ಆಂಪ್‌ಗೂ ದುಡ್ಡು ಸುರಿಯುವ ಮೊದಲು, ಗಂಟೆಯ ಲೆಕ್ಕದಲ್ಲಿ ಸಿಗುವ ಜಾಮಿಂಗ್ ರೂಮ್ ಒಂದನ್ನು ಹುಡುಕಿಕೊಳ್ಳುವುದು ಒಳ್ಳೆಯದು.