ಪಾಷಂಡದ ಪಾಡು

ಪಾಷಂಡಿ ಎಂಬುದು ಈಗ ಬೈಗುಳ. ಹರಿಕಥೆಯಲ್ಲೋ ತಾಳಮದ್ದಳೆಯಲ್ಲೋ ಕಿವಿಗೆ ಬೀಳುವ, ಸ್ವಲ್ಪ ಧೂಳು ಹಿಡಿದ ಬೈಗುಳ. ವೇದ ಒಪ್ಪದವನೂ ಅದರೊಳಗೇ, ಕಾವಿಯುಟ್ಟು ಕಣ್ಣಿಗೆ ಮಣ್ಣೆರಚುವವನೂ ಅದರೊಳಗೇ. ಹಿಂದಿಯ ‘ಪಾಖಂಡ’ದಲ್ಲಂತೂ ಉಳಿದಿರುವುದು ಬರೀ ಢೋಂಗಿತನ.

ಅಶೋಕ ಈ ಪದವನ್ನು ಮರ್ಯಾದೆಯಿಂದಲೇ ಬಳಸಿದ. ಅವನ ಶಾಸನಗಳ ಪ್ರಾಕೃತದಲ್ಲಿ ‘ಪಾಸಂಡ’ ಎಂದರೆ ಪಂಥ. ಬೌದ್ಧ ಸಂಘ, ಬ್ರಾಹ್ಮಣರು, ಆಜೀವಿಕರು, ನಿರ್ಗ್ರಂಥರು, ಯಾರದಾದರೂ ಸರಿ. ಹನ್ನೆರಡನೆಯ ಬಂಡೆ ಶಾಸನದಲ್ಲಿ ಅವನು ಹೇಳುವುದಿಷ್ಟು: ಎಲ್ಲ ಪಾಸಂಡಗಳನ್ನೂ ಗೌರವಿಸುತ್ತೇನೆ, ತನ್ನದನ್ನು ಹೊಗಳಿ ಇನ್ನೊಬ್ಬರದನ್ನು ಹಳಿಯುವವನು ತನ್ನ ಪಾಸಂಡಕ್ಕೇ ಕೇಡು ಮಾಡುತ್ತಾನೆ, ನಾಲಿಗೆ ಬಿಗಿಹಿಡಿಯಿರಿ. ಕಂದಹಾರದಲ್ಲಿ ಸಿಕ್ಕ ಗ್ರೀಕ್ ಪಾಠದಲ್ಲಿ ಈ ಪದದ ಜಾಗದಲ್ಲಿರುವುದು ತತ್ತ್ವಜ್ಞಾನಿಗಳ ಶಾಲೆಗೆ ಹೇಳುವ ಮಾತು. ಕಳಿಂಗದ ಖಾರವೇಲನೂ ಹಾಥಿಗುಂಫಾ ಶಾಸನದಲ್ಲಿ ತಾನು ಸರ್ವ ಪಾಸಂಡಗಳನ್ನು ಪೂಜಿಸುವವನೆಂದು ಬಿರುದಿನಂತೆ ಹೇಳಿಸಿಕೊಂಡಿದ್ದಾನೆ.

ಆ ಹನ್ನೆರಡನೆಯ ಶಾಸನದ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಇತ್ತು. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ ಹೊರಬಿತ್ತು. ದೇವಿಯ ಪೀಠಕ್ಕೆ ಆಧಾರವಾಗಿ ಬಿದ್ದುಕೊಂಡಿದ್ದ ಚಪ್ಪಡಿ ಅದು. ಒಂದು ಪಾಸಂಡದ ಭಾರವನ್ನು ಇನ್ನೊಂದು ಹೊತ್ತಿತ್ತು ಎನ್ನಬಹುದೇನೋ. ಓದಲು ಬಾರದ ಕಲ್ಲು ಕಟ್ಟಡಕ್ಕೆ ಒದಗಿತು ಎಂದರೂ ನಡೆಯುತ್ತದೆ.

ಪದ ಕೆಟ್ಟದ್ದು ಯಾರ ಬಾಯಲ್ಲಿ? ಮನುಸ್ಮೃತಿ ಪಾಷಂಡಿಗಳನ್ನು ಜೂಜುಕೋರರ ಜೊತೆಗೆ ಊರಿಂದ ಓಡಿಸಲು ಹೇಳುತ್ತದೆ, ಬಾಯಿಮಾತಿನ ಉಪಚಾರವೂ ಅವರಿಗೆ ಸಲ್ಲದು ಎನ್ನುತ್ತದೆ. ಬೌದ್ಧರನ್ನೂ ಸಾಚಾ ಎನ್ನುವಂತಿಲ್ಲ. ಪಾಲಿ ಗ್ರಂಥಗಳಲ್ಲಿ ಪಾಸಂಡರೆಂದರೆ ಹೊರಗಿನವರು, ತಪ್ಪು ದೃಷ್ಟಿಗೆ ಮರುಳಾದವರು. ತಮ್ಮನ್ನು ತಾವು ಪಾಷಂಡಿ ಎಂದು ಕರೆದುಕೊಳ್ಳುವವರಿಲ್ಲದ ಮೇಲೆ ಆ ಪದವನ್ನು ಕಾಯುವವರಾದರೂ ಯಾರು?

ನಂಬಿಕೆಯ ಗುಂಪುಗಳಿಗೆ ಹೆಸರಿಡುವ ಕೆಲಸಕ್ಕೆ ಈಗ ಬೇರೆ ಪದಗಳಿವೆ. ದೊಡ್ಡ ಕಟ್ಟಡ, ಹಳೆಯ ಆಸ್ತಿ, ಬಾಗಿಲಲ್ಲಿ ಮಂತ್ರಿಗಳ ಕಾರು ಇದ್ದರೆ ‘ಪರಂಪರೆ’. ಅಷ್ಟಿಲ್ಲದಿದ್ದರೆ ‘ಪಂಥ’. ಬಾಡಿಗೆ ಮನೆಯಲ್ಲಿ ಹತ್ತು ಜನ ಕಣ್ಣುಮುಚ್ಚಿ ಕೂತರೆ ಅಕ್ಕಪಕ್ಕದವರು ಕಿಟಕಿ ಸರಿಸಿ ನೋಡಿ ‘ಅದೇನೋ ಕಲ್ಟಂತೆ’ ಎನ್ನುತ್ತಾರೆ. ಅವರಲ್ಲಿ ಮೋಸವಿರಬಹುದು, ಇಲ್ಲದಿರಬಹುದು. ಹೆಸರು ಮಾತ್ರ ವಿಚಾರಣೆಗೆ ಮುಂಚೆಯೇ ಬಿದ್ದಿರುತ್ತದೆ. ಗಾಂಧಿನಗರದ ಸಿನಿಮಾ ಮಂದಿಗೆ ಇದ್ಯಾವುದರ ಗೊಡವೆಯಿಲ್ಲ. ಅವರಿಗೆ ‘ಕಲ್ಟ್’ ಎನಿಸಿಕೊಳ್ಳುವುದಕ್ಕಿಂತ ದೊಡ್ಡ ಹೊಗಳಿಕೆಯೇ ಇಲ್ಲ.